ಮಂಜುಗಡ್ಡೆಯ ತಳದ ನಾಣ್ಯ

ಜೂನ್ 1, ಭಾನುವಾರ

ಇವತ್ತಿನಿಂದ ಗಾಳಿಯ ಕಾಲ, ಕಡಲಿನ ಚಂಡಮಾರುತಗಳ ಕಾಲ. ಇನ್ನು ನವೆಂಬರ್ ಮೂವತ್ತರವರೆಗೆ ಈ ಹಿನ್ನೀರಿನ ದಂಡೆಯ ಮನೆಗಳೆಲ್ಲ ದೇವರ ಕೈಯಲ್ಲಿ. ಚರ್ಚಿನ ಪೂಜೆ ಮುಗಿಸಿ ಬಂದು ನೀಲಿ ಡ್ರಮ್ಮನ್ನು ಹೊರಗೆಳೆದೆ. ತಂಗಿ ಮೊನೆಟ್ ಪಕ್ಕದ ಮನೆಯಿಂದ ಕಾಫಿ ಲೋಟ ಹಿಡಿದುಕೊಂಡೇ ಬಂದಳು.

ಗಾಳಿಗೆ ಬೇಕಾಗುವ ಸಾಮಾನು ತುಂಬಿಡಲು ಎರಡು ಮನೆಗೆ ಒಂದೇ ಡ್ರಮ್ಮು, ಅಪ್ಪ ಇದ್ದಾಗಿನಿಂದ. ನಾನು, ನನ್ನ ಗಂಡ ಕ್ಲೋವಿಸ್, ಅವ್ವ, ಮೊನೆಟ್, ಅವಳ ಗಂಡ ವೇಲನ್: ಐದು ತಲೆ. ತಲೆಗೆ ದಿನಕ್ಕೊಂದು ಗ್ಯಾಲನ್ ನೀರು, ಏಳು ದಿನಕ್ಕೆ. ಅಕ್ಕಿ, ಕೆಂಪು ಬೀನ್ಸ್, ಸಾರ್ಡೀನ್ ಮೀನು, ಕಾಫಿ. ಟಾರ್ಚು, ಸೆಲ್ಲು, ರೇಡಿಯೋ. ಬೆಂಕಿಪೊಟ್ಟಣ ಗಾಜಿನ ಜಾಡಿಯಲ್ಲಿ. ಮನೆ ಕಾಗದ ಮತ್ತು ಎಲ್ಲರ ಜ್ಞಾನಸ್ನಾನದ ಚೀಟಿಗಳು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ. ಫೆಬ್ರವರಿಯಲ್ಲಿ ಫಾದರ್ ಹರಸಿಕೊಟ್ಟ ಮೇಣದಬತ್ತಿ ಎರಡು, ಈಸ್ಟರಿನ ಹಿಂದಿನ ಗರಿಗಳ ಭಾನುವಾರ ಚರ್ಚಿನಲ್ಲಿ ಕೊಟ್ಟ ಒಣಗಿದ ಗರಿ, ಗಾಳಿ ಜೋರಾದಾಗ ಮನೆ ಉಳಿಯಲೆಂದು ಒಂದು ಚೂರು ಸುಡಲು. ಕೊಡಲಿ ಅಟ್ಟದಲ್ಲೇ ಇದೆ, ನೀರು ಅಷ್ಟಕ್ಕೇರಿದರೆ ಸೂರು ಒಡೆದು ಹೊರಬರುವುದಕ್ಕೆ.

ಡಬ್ಬಿ ತೆರೆಯುವ ಚಾಕು ಎರಡು. ಎರಡೂ ನನ್ನವು. ಮೊನೆಟ್ ಮನೆಯಲ್ಲಿ ಇವತ್ತಿಗೂ ಒಂದಿಲ್ಲ, ಒಂದು ಬೀನ್ಸ್ ಡಬ್ಬಿ ತೆರೆಯಬೇಕಾದರೂ ಬೇಲಿ ದಾಟಿ ಬರುತ್ತಾಳೆ.

ಒಂದೊಂದು ಡಬ್ಬಿಯ ತಲೆಯ ಮೇಲೂ ತುಂಬಿದ ದಿನಾಂಕ ಬರೆದೆ. "ನೀನು ಪ್ರಳಯ ಆದ್ರೂ ದೇವದೂತರ ಕೈಗೆ ಪಟ್ಟಿ ಕೊಟ್ಟು ಸಹಿ ಹಾಕಿ ಅಂತೀಯ ಅಕ್ಕ" ಎಂದು ನಕ್ಕಳು. ನಾನು, ನಿನ್ನ ಪೀಚ್ ಡಬ್ಬಿಗೂ ದಿನಾಂಕ ಹಾಕಿದ್ದೀನಿ, ಬೇಡವಾದರೆ ಹೇಳು ಅಂದೆ. ಪಾಕದಲ್ಲಿ ನೆನೆಹಾಕಿದ ಆ ಪೀಚ್ ಹಣ್ಣು ಅವಳೊಬ್ಬಳಿಗೇ. ಅವ್ವನಿಗೆ ಸಕ್ಕರೆ ಕಾಯಿಲೆ, ಗಂಡಸರು ಮೂಸುವುದಿಲ್ಲ, ನನಗೆ ಆ ನುಣುಪು ನಾಲಿಗೆಗೆ ಸೇರದು.

ಅಪ್ಪನ ಕಾಲದ ಪಟ್ಟಿಯ ಕಾಗದವನ್ನು ಮುಚ್ಚಳದ ಒಳಗೆ ಮತ್ತೆ ಅಂಟಿಸಿ ಮುಚ್ಚಿದೆವು. ಗಾಳಿ ಬರದೇ ಹೋದರೆ ನವೆಂಬರ್ ಮೂವತ್ತಕ್ಕೆ ತೆರೆದು, ಎರಡು ಮನೆಯವರೂ ಕೂತು ಖಾಲಿ ಮಾಡುವುದು. ಮೇರಿ ಮಾತೆ, ಹಾಗೇ ಆಗಲಿ.

ಆಗಸ್ಟ್ 15, ಶುಕ್ರವಾರ

ಮಾತೆಯ ಹಬ್ಬ. ಫಾದರ್ ಗಿಡ್ರಿ ದೋಣಿಗಳಿಗೆ ತೀರ್ಥ ಹಾಕಿದರು. ಕಡಲಲ್ಲಿ ಏನೂ ಎದ್ದಿಲ್ಲ. ಸ್ತೋತ್ರ.

ಆಗಸ್ಟ್ 27, ಬುಧವಾರ

ಎದ್ದಿದೆ. ಗಾಳಿ ಶುಕ್ರವಾರಕ್ಕೆ ಇಲ್ಲಿ ಎನ್ನುತ್ತಿದೆ ರೇಡಿಯೋ.

ಕ್ಲೋವಿಸ್ ದೋಣಿ ತೆಗೆದುಕೊಂಡು ಹಿನ್ನೀರಿನ ಮೇಲಕ್ಕೆ, ಕಡಲಿನಿಂದ ದೂರ ಹೋದ, ಮರಗಳ ನಡುವೆ ಕಟ್ಟಿಕೊಂಡು ಅದರಲ್ಲೇ ಕೂರುತ್ತಾನೆ. ಗಾಳಿ ಬಂತೆಂದರೆ ಈ ಊರಿನ ಗಂಡಸರು ಹೆಂಡತಿಯನ್ನು ಬಸ್ಸಿಗೆ ಒಪ್ಪಿಸುತ್ತಾರೆ, ದೋಣಿಯನ್ನು ತಾವು ಕಾಯುತ್ತಾರೆ. ವೇಲನ್ ತನ್ನ ಎರೆ ಅಂಗಡಿ ಬಿಟ್ಟು ಕದಲುವುದಿಲ್ಲವಂತೆ. ಗಾಳ ಹಾಕುವವರಿಗೆ ಮಾರುವ ಸಿಗಡಿ ಡೀಪ್ ಫ್ರೀಜರಿನ ತುಂಬ ಇದೆ. ಅವನು ಇದ್ದರೆ ಮೊನೆಟ್ ಕೂಡ ಇರುತ್ತಾಳೆ. ನಾನು ಅವ್ವನನ್ನು ಕರೆದುಕೊಂಡು ನಾಳೆ ಚರ್ಚಿನ ಬಸ್ಸಿನಲ್ಲಿ ಹೊರಡುವುದು.

ನಮ್ಮ ಮನೆಯ ಫ್ರೀಜರಿನಲ್ಲಿದ್ದುದನ್ನೆಲ್ಲ ಬೇಯಿಸಿ ಹಂಚಿದೆ. ಉಳಿದದ್ದು ಬೆಂಡೆಕಾಯಿ ಪೊಟ್ಟಣ, ಒಂದಿಷ್ಟು ಬ್ರೆಡ್ಡು. ಕೆಳಗೆ, ಫ್ರಿಜ್ಜಿನಲ್ಲಿ, ಅವ್ವನ ಇನ್ಸುಲಿನ್ನಿನ ಹೊಸ ಪೆಟ್ಟಿಗೆ, ತಿಂಗಳಿಗಾಗುವಷ್ಟು. ಅದನ್ನು ಐಸ್ ಡಬ್ಬಿಗೆ ತುಂಬುತ್ತಿದ್ದೆ, ಮೊನೆಟ್ ಬಂದಳು.

"ಬಸ್ಸಲ್ಲಿ ಅದನ್ನೂ ಹೊತ್ಕೊಂಡು, ಅವ್ವನ್ನೂ ಹಿಡ್ಕೊಂಡು ಹೆಂಗೆ ಹತ್ತೀಯ? ಜನರೇಟರ್ ನಿನ್ನ ಜಗಲೀಲೇ ಇಡ್ತೀವಿ. ನಾನಿದೀನಲ್ಲ. ಒಂದು ಗಳಿಗೆ ಫ್ರಿಜ್ಜು ಆರೋಕೆ ಬಿಡಲ್ಲ."

ಜನರೇಟರ್ ಕೂಡ ಎರಡೂ ಮನೆಯದು. ಸರಿ ಎಂದೆ. ತೆರೆದಿರುವ ಒಂದು ಸೀಸೆಯನ್ನು ಮಾತ್ರ ಕೈಚೀಲಕ್ಕೆ ಹಾಕಿಕೊಂಡೆ. ತಂಗಿ ಇದ್ದಾಳಲ್ಲ ಎಂದು ಮನಸ್ಸು ಹಗುರವಾಯಿತು.

ಆಗಸ್ಟ್ 28, ಗುರುವಾರ

ಹೊರಡುವ ಹೊತ್ತಿಗೆ ಅವ್ವ ಫ್ರಿಜ್ಜಿನ ಮುಂದೆ ನಿಂತು ತಡಮಾಡಿದಳು. ಬಸ್ಸಿನ ಮೆಟ್ಟಿಲಿಗೆ ಎಡಗಾಲು ತಾಗಿಸಿಕೊಂಡು ಬೆರಳು ತರಚಿಕೊಂಡಳು. ಮೊನೆಟ್ ಬಸ್ಸಿನ ಪಕ್ಕದಲ್ಲೇ ತಿರುವಿನವರೆಗೂ ನಡೆದು ಬಂದಳು.

ಆಗಸ್ಟ್ 30, ಶನಿವಾರ

ಶಾಲೆಯ ಆಟದ ಮನೆಯಲ್ಲಿ ಆಶ್ರಯ. ಇನ್ನೂರು ಮಂಚ. ರಾತ್ರಿಯೆಲ್ಲ ಗರಿ ಸುಡಲು ಬಿಡಲಿಲ್ಲ, ಬೆಂಕಿ ಹಚ್ಚಬಾರದಂತೆ. ಜಪಸರ ಮಾಡಿದೆವು. ನಮ್ಮ ಊರಲ್ಲಿ ಕರೆಂಟು ಹೋಗಿದೆಯಂತೆ. ಹೋದರೆ ಹೋಗಲಿ.

ಸೆಪ್ಟೆಂಬರ್ 3, ಬುಧವಾರ

ಮನೆ ನಿಂತಿದೆ. ಜಗಲಿಯ ಎರಡು ಹಲಗೆ, ಕೋಳಿಗೂಡು ಹೋಗಿವೆ. ಅಷ್ಟೇ. ಮೊಣಕಾಲೂರಿ ಮುತ್ತಿಟ್ಟೆ ನೆಲಕ್ಕೆ.

ಜನರೇಟರ್ ಜಗಲಿಯ ಮೇಲೆ ಗುಡುಗುಡು ಎನ್ನುತ್ತಿತ್ತು. "ಒಂದು ಗಳಿಗೆ ನಿಂತಿಲ್ಲ ಅಕ್ಕ" ಎಂದಳು ಮೊನೆಟ್. ಅವಳನ್ನು ತಬ್ಬಿಕೊಂಡೆ. ಅವಳ ಮೈ ಪೆಟ್ರೋಲ್ ನಾರುತ್ತಿತ್ತು.

ಅವ್ವ ಮೊದಲು ತಾನೇ ಹೋಗಿ ಫ್ರಿಜ್ ತೆರೆದು ಬಹಳ ಹೊತ್ತು ನಿಂತಳು. ಏನವ್ವ ಎಂದರೆ, ತಣ್ಣಗಿದೆ, ನಿಂತಿದ್ದೆ ಎಂದಳು. ಬೆಂಡೆಕಾಯಿ ಹೋಳುಗಳು ಒಂದಕ್ಕೊಂದು ಅಂಟಿ ಕಲ್ಲಾಗಿದ್ದವು. ಒಂದಿಷ್ಟು ಒಡೆದು ಹಾಗೇ ಸಾರಿಗೆ ಹಾಕಿದೆ.

ಸೆಪ್ಟೆಂಬರ್ 9, ಮಂಗಳವಾರ

ನಾಲ್ಕು ದಿನದಿಂದ ಹೊಸ ಪೆಟ್ಟಿಗೆಯದೇ ಚುಚ್ಚುತ್ತಿದ್ದೇನೆ. ಅವ್ವನಿಗೆ ಬಾಯಾರಿಕೆ ತಡೆಯುತ್ತಿಲ್ಲ. ಬೆಳಿಗ್ಗೆಯಿಂದ ವಾಂತಿ. ಉಸಿರಿಗೆ ಕೊಳೆತ ಹಣ್ಣಿನ ವಾಸನೆ. ತರಚಿದ ಬೆರಳು ಕಪ್ಪಾಗಿದೆ. ಆಸ್ಪತ್ರೆಗೆ.

ಸೆಪ್ಟೆಂಬರ್ 12, ಶುಕ್ರವಾರ

ಎಡಗಾಲಿನ ಎರಡು ಬೆರಳು ತೆಗೆದರು. ಜೀವ ಉಳಿಯಿತು.

ಔಷಧಿ ಕೆಟ್ಟಿತ್ತಂತೆ. ನರ್ಸಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು ತೋರಿಸಿದಳು, ತಿಳಿಯಾಗಿರಬೇಕಾದದ್ದು ಹಾಲು ಒಡೆದಂತಿತ್ತು. ಬಿಸಿ ತಗುಲಿರಬೇಕು, ಇಲ್ಲವೇ ಹೆಪ್ಪುಗಟ್ಟಿ ಕರಗಿರಬೇಕು, ಈ ನೀರನ್ನು ಚುಚ್ಚಿದರೂ ಒಂದೇ ಬಿಟ್ಟರೂ ಒಂದೇ ಎಂದಳು. ನಾನು ಮೊನೆಟ್ ಕಡೆ ತಿರುಗಿದೆ. ಜನರೇಟರ್ ಏನಾದರೂ ನಿಂತಿತ್ತಾ ಎಂದು ಕೇಳಿದೆ. ಇಲ್ಲ ಅಂದಳು. ಅವ್ವನ ಮಂಚ ಮುಟ್ಟಿಕೊಂಡು ಅಂದಳು.

ಹಾಗಾದರೆ ಔಷಧಿ ಅಂಗಡಿಯವನದೇ ತಪ್ಪು. ಹೋಗಿ, ಗಿರಾಕಿಗಳ ಮುಂದೆಯೇ, ಮುದುಕಿಯ ಕಾಲು ತಿಂದವನೇ ಎಂದು ಬೈದೆ. ಅವನು ಬೆವರಿದ. ಪೆಟ್ಟಿಗೆ ತಣ್ಣಗೇ ಕೊಟ್ಟೆ ಅಮ್ಮ, ತಣ್ಣಗೇ ಕೊಟ್ಟೆ ಅನ್ನುತ್ತಲೇ ಇದ್ದ. ಮೊನೆಟ್ ನನ್ನ ಪಕ್ಕದಲ್ಲಿ ನನ್ನ ಕೈಚೀಲ ಹಿಡಿದುಕೊಂಡು ನಿಂತಿದ್ದಳು.

ಸೆಪ್ಟೆಂಬರ್ 17, ಬುಧವಾರ

ಅವ್ವ ಬರುವಳೆಂದು ಫ್ರೀಜರ್ ತೊಳೆಯಲು ಎಲ್ಲ ಹೊರಗೆ ತೆಗೆದೆ. ಬೆಂಡೆಕಾಯಿಯ ಹಿಂದೆ, ಮೂಲೆಯಲ್ಲಿ, ಅವ್ವನ ನೀಲಿ ಹೂವಿನ ಬಟ್ಟಲು.

ಇದು ಅವ್ವನ ಪದ್ಧತಿ. ಈ ದಂಡೆಯ ಹಳೆ ಹೆಂಗಸರದೆಲ್ಲ. ಮನೆ ಬಿಟ್ಟು ಹೊರಡುವ ಹಿಂದಿನ ದಿನ ಬಟ್ಟಲಲ್ಲಿ ನೀರು ಹೆಪ್ಪುಗಟ್ಟಿಸಿ, ಗಟ್ಟಿಯಾದ ಮೇಲೆ ಅದರ ತಲೆಯ ಮೇಲೆ ಒಂದು ನಾಣ್ಯ ಇಡುವುದು. ಬಂದು ನೋಡಿದಾಗ ನಾಣ್ಯ ಮೇಲೇ ಇದ್ದರೆ ಕರೆಂಟು ಹೋಗಿಲ್ಲ, ಇಲ್ಲವೇ ಹೋಗಿ ಬೇಗ ಬಂದಿದೆ. ನಾಣ್ಯ ತಳಕ್ಕೆ ಹೋಗಿದ್ದರೆ ಗಡ್ಡೆ ಪೂರಾ ಕರಗಿ ಮತ್ತೆ ಕಟ್ಟಿದೆ. ಆಗ ಎಲ್ಲ ಎಸೆಯಬೇಕು.

ಬಟ್ಟಲನ್ನು ಬಿಸಿಲಿಗೆ ಹಿಡಿದೆ. ನಾಣ್ಯ ತಳದಲ್ಲಿತ್ತು. ಮೇಲೆ ನಾಲ್ಕು ಬೆರಳು ಮಂಜುಗಡ್ಡೆ.

ಕರಗದಿರಲಿ ಎಂದು ಬಟ್ಟಲನ್ನು ಮತ್ತೆ ಫ್ರೀಜರಿಗಿಟ್ಟೆ.

ಸೆಪ್ಟೆಂಬರ್ 18, ಗುರುವಾರ

ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವಳ ಮನೆಗೆ ಹೋಗಿ ಮೇಜಿನ ಮೇಲಿಟ್ಟೆ. ಒಂದೇ ಅವ್ವ ಸಾಕಿದ್ದು ನಮ್ಮಿಬ್ಬರನ್ನು. ವಿವರಿಸುವ ಅಗತ್ಯ ಇರಲಿಲ್ಲ.

"ಎರಡು ದಿನ ಅಕ್ಕ. ಶುಕ್ರವಾರ ರಾತ್ರಿಯಿಂದ ಭಾನುವಾರ ಸಂಜೆಗಂಟ. ಅಂಗಡೀಲಿ ಸಿಗಡಿಯೆಲ್ಲ ಕೊಳೆಯೋಕೆ ಹತ್ತಿತ್ತು. ಖಾಲಿ ಫ್ರಿಜ್ಜಿಗೆ ಯಾಕೆ ಎಂಜಿನ್ನು ಅಂತ ವೇಲನ್ ಜನರೇಟರ್ ಎತ್ಕೊಂಡ್ ಹೋದ."

"ಖಾಲೀನಾ?"

"ಒಂದು ಪೊಟ್ಟಣ ಬೆಂಡೆಕಾಯಿ ಬಿಟ್ರೆ ಏನಿತ್ತು ಅದ್ರೊಳಗೆ?"

"ಅವ್ವ ಇದ್ಲು ಕಣೇ ಅದ್ರೊಳಗೆ."

ಅಳುವುದಕ್ಕೆ ಶುರುಮಾಡಿದಳು. ಔಷಧಿಯ ನೆನಪಾದದ್ದೇ ಭಾನುವಾರವಂತೆ. ಓಡಿ ಬಂದು ಎಂಜಿನ್ ಮತ್ತೆ ಜೋಡಿಸಿ, ಬೇಗ ತಣ್ಣಗಾಗಲಿ ಎಂದು ಫ್ರಿಜ್ಜಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳಂತೆ. ಅಂದರೆ ಎರಡು ದಿನ ಬೇಯಿಸಿ, ಆಮೇಲೆ ಹೆಪ್ಪುಗಟ್ಟಿಸಿದ್ದಾಳೆ. ಸಿಗಡಿ ಮಾತ್ರ ಚೆನ್ನಾಗಿದೆ. ಎರೆ ಸಿಗಡಿ. ಮೀನಿಗೆ ಹಾಕುವುದು.

"ಆಸ್ಪತ್ರೇಲಿ ಕೇಳ್ದೆ ನಿನ್ನ. ಅವ್ವನ ಮಂಚ ಮುಟ್ಟಿ ಇಲ್ಲ ಅಂದೆ."

"ಹೇಳಿದ್ರೆ ನನ್ನ ಮುಖ ನೋಡ್ತಿದ್ಯಾ?"

"ಈಗ ನೋಡ್ತಾ ಇದೀನಲ್ಲ" ಎಂದು ಬಟ್ಟಲು ಎತ್ತಿಕೊಂಡು ಬಂದೆ.

ಸಂಜೆ ಔಷಧಿ ಅಂಗಡಿಗೆ ಹೋಗಿ, ಇದ್ದ ಗಿರಾಕಿಗಳ ಮುಂದೆಯೇ ಕ್ಷಮೆ ಕೇಳಿದೆ. ಅವನು ಪರವಾಗಿಲ್ಲಮ್ಮ ಎಂದ. ಅವನು ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಸೆಪ್ಟೆಂಬರ್ 20, ಶನಿವಾರ

ಕ್ಲೋವಿಸ್‌ಗೆ ಹೇಳಿದೆ. ಬಲೆ ಹೊಲಿಯುತ್ತಿದ್ದವನು ತಲೆ ಎತ್ತಲಿಲ್ಲ. ಗಾಳಿ ಹೋಯಿತು, ಬಿಡು ಎಂದ. ವೇಲನ್ ಜೊತೆ ನಾಳೆ ಸಿಗಡಿಗೆ ಹೋಗಬೇಕಂತೆ. ಬಿಡುವುದಂತೆ.

ಪಾಪನಿವೇದನೆಗೆ ಹೋದೆ. ತಂಗಿಯ ಮೇಲೆ ದ್ವೇಷ ಬಂದಿದೆ ಫಾದರ್ ಎಂದು ಎಲ್ಲ ಹೇಳಿದೆ. ಫಾದರ್ ಗಿಡ್ರಿ ಎಲ್ಲ ಕೇಳಿ, "ಇದೆಲ್ಲ ಅವಳ ಪಾಪ ಮಗಳೇ. ನಿನ್ನದು ಯಾವುದು?" ಎಂದು ಕೇಳಿದರು. ನನ್ನದೇನಿದೆ? ನಂಬಿದ್ದೇ ಪಾಪವೇ? ಎದ್ದು ಬಂದೆ. ಭಾನುವಾರ ಪರಮಪ್ರಸಾದ ತೆಗೆದುಕೊಳ್ಳುವುದಿಲ್ಲ. ಆ ಹೆಂಗಸು ಅದೇ ಸಾಲಿನಲ್ಲಿ ನಿಲ್ಲುತ್ತಾಳೆ.

ಸೆಪ್ಟೆಂಬರ್ 25, ಗುರುವಾರ

ಅವ್ವ ಮನೆಗೆ ಬಂದಳು. ಕೋಲು ಹಿಡಿದು ಎರಡು ಹೆಜ್ಜೆ ಇಟ್ಟಳು. ಕಾಫಿ ಕುಡಿಸಿ, ಮೆತ್ತಗೆ ವಿಷಯ ಎತ್ತಿ, ಬಟ್ಟಲು ತಂದು ತೋರಿಸಿದೆ. ಅವಳ ಮುಖ ಬದಲಾಗಲಿಲ್ಲ.

"ಬಂದ ದಿನಾನೇ ಕಂಡಿತ್ತು."

ನಾನು ಬಟ್ಟಲು ಕೆಳಗಿಟ್ಟೆ.

"ಬೆಂಡೆಕಾಯಿ ಕೆಟ್ಟಿರ್ತದೆ ಅಂದ್ಕಂಡೆ ಕಣೇ, ಔಷಧಿ ಕೆಡ್ತದೆ ಅಂತ ನಂಗೇನು ಗೊತ್ತು. ಒಂದು ಹಿಡಿ ಬೆಂಡೆಕಾಯಿಗೆ ನೀವಿಬ್ರು ಜುಟ್ಟು ಹಿಡ್ಕಳೋದು ಬೇಡ ಅಂತ ಹಿಂದಕ್ಕೆ ತಳ್ಳಿದೆ."

"ಆಸ್ಪತ್ರೇಲಿ ಗೊತ್ತಾಯ್ತಲ್ಲವ್ವ. ಆಗ?"

"ಆಗ ಬೆರಳು ಹೋಗಿತ್ತು. ನೀವಿಬ್ರಾದ್ರೂ ಉಳೀಲಿ ಅಂತ."

ಅಂದರೆ ಎಲ್ಲರಿಗೂ ಗೊತ್ತಿತ್ತು. ಸುಳ್ಳು ಹೇಳಿದವಳಿಗೆ, ಸುಳ್ಳನ್ನು ಬೆಂಡೆಕಾಯಿಯ ಹಿಂದೆ ಮುಚ್ಚಿಟ್ಟವಳಿಗೆ. ಬಹುಶಃ ವೇಲನ್ ಜೊತೆ ಸಿಗಡಿ ಹಿಡಿಯುವ ಕ್ಲೋವಿಸ್‌ಗೂ. ಏನೂ ತಿಳಿಯದೆ ನೆಲಕ್ಕೆ ಮುತ್ತಿಟ್ಟವಳು ನಾನೊಬ್ಬಳೇ.

ಅವ್ವನ ಕಾಲಿನ ಗಾಯ ತೊಳೆದು ಬಟ್ಟೆ ಕಟ್ಟಿದೆ.

ಸೆಪ್ಟೆಂಬರ್ 28, ಭಾನುವಾರ

ಇನ್ನೂ ಎರಡು ತಿಂಗಳು ಗಾಳಿ ಇದೆ. ಮೊದಲನೆಯದರಲ್ಲಿ ಅರ್ಧ ಖಾಲಿಯಾದ ಡ್ರಮ್ಮನ್ನು ತುಂಬಬೇಕಿತ್ತು. ಒಬ್ಬಳೇ ಅಂಗಡಿಗೆ ಹೋದೆ, ಒಬ್ಬಳೇ ತುಂಬಿದೆ. ಹಳೆಯದನ್ನೆಲ್ಲ ಬುಟ್ಟಿಗೆ ಹಾಕಿ ಆ ಮನೆಯ ಬೇಲಿಯ ಮೇಲಿಟ್ಟೆ, ಅವರ ಜ್ಞಾನಸ್ನಾನದ ಚೀಟಿಗಳನ್ನೂ, ಒಂದು ಮೇಣದಬತ್ತಿಯನ್ನೂ. ಅವ್ವ ಕಿಟಕಿಯಲ್ಲಿ ಕೂತು ನೋಡುತ್ತಿದ್ದಳು.

ಮೂರು ತಲೆಗೆ ಲೆಕ್ಕ: ನೀರು ಇಪ್ಪತ್ತೊಂದು ಗ್ಯಾಲನ್. ಅಕ್ಕಿ. ಬೀನ್ಸ್ ಒಂಬತ್ತು ಡಬ್ಬಿ, ಸಾರ್ಡೀನ್ ಆರು, ಪೀಚ್ ಎರಡು, ಹಾಲಿನ ಪುಡಿ, ಕಾಫಿ. ಸೆಲ್ಲು ಹೊಸದು. ಅವ್ವನ ಗಾಯಕ್ಕೆ ಹತ್ತಿ, ಪಟ್ಟಿ, ಮುಲಾಮು. ಎಲ್ಲಕ್ಕೂ ದಿನಾಂಕ ಹಾಕಿದೆ. ಮುಚ್ಚಳಕ್ಕೆ ಬೀಗ ಹಾಕಿದೆ, ಅಪ್ಪನ ಕಾಲದಿಂದ ಇಲ್ಲದ ಬೀಗ. ಇನ್ನು ಆ ಮನೆಯ ಒಂದು ಕಡ್ಡಿಯೂ ಇದರಲ್ಲಿಲ್ಲ.

ಅಕ್ಟೋಬರ್ 9, ಗುರುವಾರ

ಎರಡನೆಯ ಗಾಳಿ ಎದ್ದಿದೆ. ನಾಳೆ ಬಸ್ಸು.

ಬೆಳಿಗ್ಗೆ ಬಾಗಿಲು ತೆರೆದರೆ ಜಗಲಿಯ ಮೇಲೆ ಜನರೇಟರ್. ಅದರ ಕೀಲಿಗೆ ದಾರ ಕಟ್ಟಿ ಬಾಗಿಲ ಹಿಡಿಗೆ ನೇತುಹಾಕಿದ್ದಳು. ತಾನು ಬೇಲಿಯ ಆಚೆ ನಿಂತಿದ್ದಳು.

"ಲಾರೀಲಿ ಜಾಗ ಇದೆ ಅಕ್ಕ. ಈ ಸಲ ನಾವೂ ಹೊರಡ್ತೀವಿ. ಅವ್ವ ಮುಂದೆ ಕೂರಬಹುದು, ಕಾಲು ಚಾಚ್ಕೊಂಡು."

"ಬಸ್ಸಿದೆ" ಎಂದೆ.

ಕೀಲಿ ತೆಗೆದುಕೊಂಡು ಒಳಗೆ ಬಂದೆ. ಅವ್ವ, ಲಾರಿ ಮೆತ್ತಗಿರ್ತದೆ ಅಂದಳು. ಬಸ್ಸು ಅಂದೆ.

ಅಕ್ಟೋಬರ್ 11, ಶನಿವಾರ

ಗಾಳಿ ಪೂರ್ವಕ್ಕೆ ತಿರುಗಿತು. ನಾವು ಸುಮ್ಮನೆ ಹೋಗಿ ಬಂದೆವು. ಎರಡು ದಿನವೂ ಔಷಧಿಯ ಐಸ್ ಡಬ್ಬಿ ನನ್ನ ತೊಡೆಯ ಮೇಲೆ. ನಿದ್ದೆಯಲ್ಲೂ ಬಿಡಲಿಲ್ಲವಂತೆ, ಅವ್ವ ಹೇಳಿದಳು. ಅಂಥ ಭಾರವೇನೂ ಇರಲಿಲ್ಲ.

ಹೊರಡುವಾಗ ಅವ್ವ ಬಟ್ಟಲು ಇಡಲಿಲ್ಲ. ಯಾಕವ್ವ ಎಂದರೆ, ಈಗ ಯಾರ್ನ ನೋಡ್ಬೇಕು ಅದ್ರಲ್ಲಿ ಎಂದಳು.

ನವೆಂಬರ್ 1, ಶನಿವಾರ

ಸಕಲ ಸಂತರ ಹಬ್ಬ, ಸಮಾಧಿಗಳಿಗೆ ಸುಣ್ಣ ಬಳಿಯುವ ದಿನ. ಸುಣ್ಣದ ಬಕೆಟ್ ಹಿಡಿದು ಅಪ್ಪನ ಸಮಾಧಿಗೆ ಬೇಗ ಹೋದೆ, ಯಾರೂ ಇರಬಾರದೆಂದು. ಅವಳು ನನಗಿಂತ ಮೊದಲೇ ಬಂದು ಹೋಗಿದ್ದಳು. ಎಡಭಾಗ ಪೂರ್ತಿ ಬೆಳ್ಳಗಿತ್ತು. ಶಿಲುಬೆಯ ನಟ್ಟನಡುವೆ ಬಳಿಯುವುದನ್ನು ನಿಲ್ಲಿಸಿದ್ದಳು. ಬಲಭಾಗ ಹಾಗೇ ಬಿಟ್ಟಿದ್ದಳು.

ಅಷ್ಟೂ ಬಳಿದು ಹೋಗಿದ್ದರೆ ಕೋಪ ಮಾಡಿಕೊಳ್ಳಬಹುದಿತ್ತು. ನನ್ನ ಅರ್ಧಕ್ಕೆ ಬಳಿದೆ. ಅವಳ ಸುಣ್ಣ ತೆಳ್ಳಗಾಗಿತ್ತು, ಯಾವಾಗಲೂ ನೀರು ಜಾಸ್ತಿ ಹಾಕುತ್ತಾಳೆ. ಅಂಚಿನಲ್ಲಿ ಚೆನ್ನಾಗಿ ಕಾಣಲಿಲ್ಲವೆಂದು ಅವಳ ಕಡೆಗೂ ಒಂದು ಕೈ ಎಳೆದೆ. ಅಪ್ಪನ ಸಮಾಧಿ, ಅದಕ್ಕೆ.

ನವೆಂಬರ್ 30, ಭಾನುವಾರ

ಗಾಳಿಯ ಕಾಲ ಮುಗಿಯಿತು. ಸ್ತೋತ್ರ.

ಡ್ರಮ್ಮಿನ ಬೀಗ ತೆಗೆದೆ. ಮುಚ್ಚಳದ ಒಳಗೆ ಪಟ್ಟಿಯ ಕಾಗದ. ಅದರ ಮೊದಲ ಸಾಲು, ಅಪ್ಪ ಹೇಳಿ ನನ್ನ ಕೈಯಲ್ಲೇ ಬರೆಸಿದ್ದು, ಎಂಟನೆಯ ತರಗತಿಯ ನನ್ನ ಗುಂಡು ಅಕ್ಷರ: ಔಷಧಿ ಮನುಷ್ಯರ ಜೊತೆ ಹೋಗಬೇಕು, ಮನೆಯಲ್ಲಿ ಬಿಡಬಾರದು. ವರ್ಷ ವರ್ಷ ಅದರ ಮೇಲೇ ಮುಚ್ಚಳ ಹಾಕಿದ್ದೇನೆ. ನಿಂತು ಓದಿದೆ. ಇನ್ನೊಮ್ಮೆ ಓದಿದೆ. ಫಾದರ್ ಗಿಡ್ರಿಗೆ ಏನು ಹೇಳಬೇಕೋ ಈಗ ಗೊತ್ತಾಯಿತು. ಅದರಿಂದ ಅವಳ ಸುಳ್ಳು ಚಿಕ್ಕದಾಗುವುದಿಲ್ಲ.

ಬೀನ್ಸ್, ಅನ್ನ ಮಾಡಿದೆ. ಮೂವರೇ ಕೂತೆವು. ಐವರು ಕೂರುವ ಮೇಜು. ಕ್ಲೋವಿಸ್ ಎರಡು ಸಲ ಬಾಗಿಲ ಕಡೆ ನೋಡಿದ.

ಉಳಿದದ್ದನ್ನು ಕಪಾಟಿಗೆ ಸೇರಿಸುವಾಗ ತಳದಲ್ಲಿ ಎರಡು ಪೀಚ್ ಡಬ್ಬಿ ಸಿಕ್ಕವು. ಹಳೆಯವು ಬುಟ್ಟಿಯಲ್ಲಿ ಬೇಲಿಗೆ ಹೋಗಿದ್ದವಲ್ಲ. ಅವ್ವ ಹಾಕಿಸಿರಬೇಕು ಎಂದುಕೊಂಡು ಎತ್ತಿ ನೋಡಿದೆ. ತಲೆಯ ಮೇಲೆ ದಿನಾಂಕ: ಸೆಪ್ಟೆಂಬರ್ 28. ನನ್ನದೇ ಅಕ್ಷರ. ಅಂಗಡಿಯಲ್ಲಿ ತೆಗೆದುಕೊಂಡದ್ದು ನೆನಪಿಲ್ಲ, ಬರೆದದ್ದೂ ನೆನಪಿಲ್ಲ. ಈ ಪುಸ್ತಕ ತಿರುವಿದರೆ ಅಲ್ಲೂ ಬರೆದಿದ್ದೇನೆ, ಸಾರ್ಡೀನ್ ಆದಮೇಲೆ.

"ನಮ್ಮಲ್ಲಿ ಯಾರು ತಿಂತಾರೆ ಅದ್ನ?" ಎಂದಳು ಅವ್ವ.

"ಯಾರೂ ಇಲ್ಲ."

"ಮತ್ತೆ?"

ಚೆಲ್ಲುವುದು ಪಾಪ. ಸಂಜೆ ಬೇಲಿ ದಾಟಿ ಹೋಗಿ ಎರಡೂ ಡಬ್ಬಿಗಳನ್ನು ಅವಳ ಮೆಟ್ಟಿಲ ಮೇಲಿಟ್ಟೆ. ಒಳಗೆ ರೇಡಿಯೋ ಹಾಡುತ್ತಿತ್ತು. ಬಾಗಿಲು ಬಡಿಯಲಿಲ್ಲ. ಕ್ಷಮಿಸಿದ್ದೇನೆ ಎಂದು ಯಾರೂ ತಿಳಿಯಬಾರದು, ಅವಳಂತೂ ತಿಳಿಯಲೇಬಾರದು.

ಡಬ್ಬಿ ತೆರೆಯುವ ಚಾಕು ಅವಳ ಹತ್ತಿರ ಇಲ್ಲ. ಎರಡೂ ಇಲ್ಲೇ ಇವೆ, ನಮ್ಮ ಅಡುಗೆಮನೆಯ ಮೇಜಿನ ಮೇಲೆ. ಬೇಕಾದರೆ ಬಂದು ಕೇಳಲಿ.